ಬಾಡಿಗೆ ಮನೆಯಲ್ಲಿದ್ದುಕೊಂಡೇ ಬಾಡಿಗೆಗೊಂದು ಮನೆ

ನಮ್ಮ ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಖು ಇವುಗಳ ಪಕ್ಕದಲ್ಲಿ ಅದೂ ಇದೆ. ಅದರಲ್ಲಿರುವುದು ಒಂದೇ ಸಂಖ್ಯೆ: 22,655. ನೋಡಿದವರು ಯಾರದೋ ಫೋನ್ ನಂಬರು ಅರ್ಧಕ್ಕೇ ನಿಂತಿದೆ ಅಂದುಕೊಳ್ಳುತ್ತಾರೆ. ನಾನು ವಾಸವೇ ಇಲ್ಲದ ಒಂದು ಮನೆಗೆ ತಿಂಗಳು ತಿಂಗಳು ನನ್ನ ಸಂಬಳದಿಂದ ಹೋಗುವ ದುಡ್ಡು ಅದು.

ನಾನಿರುವುದು ಹೂಡಿಯಲ್ಲಿ, ಬಾಡಿಗೆಗೆ. ಆಫೀಸು ವೈಟ್‌ಫೀಲ್ಡ್. ಬೆಂಗಳೂರಿಗೆ ಬಂದ 11 ವರ್ಷದಲ್ಲಿ ಇದು ಐದನೇ ಮನೆ. ನನ್ನ ಹೆಸರಿನಲ್ಲಿರುವ ಮನೆ ಮಾತ್ರ ಊರಿನ ಇನ್ನೊಂದು ತುದಿಯಲ್ಲಿ, ಕನಕಪುರ ರಸ್ತೆಯ ವಾಜರಹಳ್ಳಿಯಲ್ಲಿದೆ. ಅಲ್ಲಿ ಬೇರೆಯವರಿದ್ದಾರೆ. ಅದನ್ನು ನೋಡಿಕೊಂಡು ಬರಬೇಕೆಂದರೆ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಹಸಿರು ಮೆಟ್ರೊ ಹಿಡಿಯಬೇಕು. ಹೋಗಲಿಕ್ಕೇ ಒಂದೂವರೆ ಗಂಟೆ.

ಅಮ್ಮನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಸಾಲ ಮಾಡಿ ಮನೆ ತಗೊಂಡು, ಅದರಲ್ಲಿ ಬೇರೆಯವರನ್ನ ಕೂರಿಸಿ, ನೀನು ಹೋಗಿ ಇನ್ಯಾರದೋ ಮನೇಲಿ ಕೂತಿದೀಯಲ್ಲೋ" ಅನ್ನುತ್ತಾಳೆ. ಲೆಕ್ಕ ಹೇಳಿದರೆ ಟಿವಿ ಸೌಂಡು ಜಾಸ್ತಿ ಮಾಡುತ್ತಾಳೆ.

ಲೆಕ್ಕ ಇಷ್ಟೇ. ನಾವಿರುವ ಎರಡು ಬೆಡ್‌ರೂಮಿನ ಮನೆಯನ್ನೇ ಕೊಳ್ಳಲು ಹೊರಟರೆ 1 ಕೋಟಿ ದಾಟುತ್ತದೆ. ಬಾಡಿಗೆ 26,000. ವರ್ಷಕ್ಕೆ 3.12 ಲಕ್ಷ. ಅಂದರೆ ಓನರ್‌ಗೆ ಮನೆಯ ಬೆಲೆಯ ಮೇಲೆ ನೂರಕ್ಕೆ ಸುಮಾರು ಮೂರು ರೂಪಾಯಿ ಬರುತ್ತಿದೆ, ಅಷ್ಟೇ. ಅದೇ ಮನೆಗೆ ನಾನು ಸಾಲ ತೆಗೆದರೆ ಬ್ಯಾಂಕು ನೂರಕ್ಕೆ ಎಂಟೂವರೆ ಕೇಳುತ್ತಿತ್ತು. ಹೀಗಿರುವಾಗ ಬಾಡಿಗೆಗೆ ಇರುವವನೇ ಜಾಣ. ಇದೆಲ್ಲ ಗೊತ್ತಿದ್ದೂ ಒಂದು ಮನೆ ಬೇಕು ಅನ್ನಿಸಿತು. ಐದು ಸಲ ರಟ್ಟಿನ ಡಬ್ಬಿಗೆ ಪಾತ್ರೆ ತುಂಬಿದವನಿಗೆ ಹಾಗನ್ನಿಸುತ್ತದೆ. ಕೆಲಸದ ಹತ್ತಿರ ಕೈಗೆಟುಕುವುದಿಲ್ಲ, ಕೈಗೆಟುಕುವುದು ಕೆಲಸಕ್ಕೆ ದೂರ. ಹಾಗಾಗಿ ದೂರದ್ದನ್ನು ಕೊಂಡು ಬಾಡಿಗೆಗೆ ಬಿಡುವುದು, ಹತ್ತಿರದ್ದರಲ್ಲಿ ಬಾಡಿಗೆಗೆ ಇರುವುದು.

2024ರ ನವೆಂಬರ್‌ನಲ್ಲಿ ಮೊದಲ ಸಲ ಬ್ಯಾಂಕಿಗೆ ಹೋದಾಗ ನನ್ನ ತಲೆಯಲ್ಲಿದ್ದ ಪ್ಲಾನು ಸರಳ. ಬರುವ ಬಾಡಿಗೆಯಲ್ಲಿ ಕಂತು ಕಟ್ಟುವುದು, ಕಡಿಮೆ ಬಿದ್ದದ್ದಕ್ಕೆ ಕೈಯಿಂದ ಒಂದಿಷ್ಟು ಹಾಕುವುದು. ಲೋನ್ ಸೆಕ್ಷನ್ನಿನವರು ಫಾರಂ ತುಂಬುತ್ತಾ ತಲೆ ಎತ್ತದೆ ಕೇಳಿದರು, "ಸ್ವಂತ ವಾಸಕ್ಕಾ, ಬಾಡಿಗೆಗಾ?"

ತಪ್ಪು ಒಪ್ಪಿಕೊಳ್ಳುವವನ ಹಾಗೆ "ಬಾಡಿಗೆಗೆ" ಅಂದೆ. ಅವರು ಟಿಕ್ ಹಾಕಿ ಮುಂದೆ ಹೋದರು.

"ಅದಕ್ಕೆ ಬಡ್ಡಿ ಜಾಸ್ತಿ ಆಗುತ್ತಾ?"

"ಮೊದಲನೇ ಮನೆ ಅಲ್ವಾ? ಏನೂ ವ್ಯತ್ಯಾಸ ಇಲ್ಲ."

"ಬರೋ ಬಾಡಿಗೆಯನ್ನ ನನ್ನ ಆದಾಯಕ್ಕೆ ಸೇರಿಸ್ತೀರಾ?"

ಆಗ ತಲೆ ಎತ್ತಿದರು. "ಬಾಡಿಗೆದಾರ ಇನ್ನೂ ಹುಟ್ಟೇ ಇಲ್ವಲ್ಲ ಸರ್."

ಅಲ್ಲಿಗೆ ಪ್ಲಾನಿನ ಅರ್ಧ ಕುಸಿಯಿತು. ಸಂಬಳದ ಸ್ಲಿಪ್ಪು, ಸಿಬಿಲ್ ಸ್ಕೋರು (ಹಿಂದಿನ ಸಾಲಗಳನ್ನು ಹೇಗೆ ತೀರಿಸಿದೆ ಅನ್ನುವುದರ ಅಂಕ), ಆಗಲೇ ಇರುವ ಕಂತುಗಳು ಇಷ್ಟೇ ಅವರಿಗೆ ಬೇಕಿದ್ದು. ಕೈಗೆ ಬರುವ ಸಂಬಳದ ಸುಮಾರು ಅರ್ಧದಷ್ಟು ಕಂತಿಗೆ ಹೋಗಬಹುದು ಎಂಬುದು ಅವರ ಅಳತೆ. ಮನೆ ಖಾಲಿ ಬಿದ್ದರೂ ನನ್ನ ಸಂಬಳವೊಂದರಿಂದಲೇ ಕಂತು ನಡೆಯಬೇಕು. ಆಗ ಸಿಟ್ಟು ಬಂದಿತ್ತು. ಆಮೇಲೆ ಇಂಗ್ಲೆಂಡಿನಲ್ಲಿರುವ ಗೆಳೆಯನೊಬ್ಬ ಅಲ್ಲಿನ ಕಥೆ ಹೇಳಿದ. ಅಲ್ಲಿ ಬಾಡಿಗೆಗೆ ಕೊಡುವ ಮನೆಗೆ 'ಬೈ ಟು ಲೆಟ್' ಅಂತ ಬೇರೆಯದೇ ಸಾಲ. ಕಾಲು ಭಾಗ ಕೈಯಿಂದ ಹಾಕಬೇಕು. ಸಾಲ ಕೊಡುವವರು ಮೊದಲು ನೋಡುವುದು ಬಾಡಿಗೆಯನ್ನು. ಬಡ್ಡಿ 100 ಇದ್ದರೆ ಬಾಡಿಗೆ 125ರಿಂದ 145 ಇರಬೇಕು. ಮೊದಲ ಸಲ ಮನೆ ಕೊಳ್ಳುವವರಿಗೆ ಈ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಒಪ್ಪುವುದೇ ಇಲ್ಲವಂತೆ. ಆ ಅಳತೆಯಲ್ಲಿ ನನ್ನನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತಿದ್ದರು. ನಮ್ಮಲ್ಲಿ ಮನೆ ತನ್ನ ಸಾಲವನ್ನು ತಾನೇ ತೀರಿಸುತ್ತದೆ ಎಂದು ಬ್ಯಾಂಕೂ ನಂಬುವುದಿಲ್ಲ. ನಂಬುವುದು ನಾವು ಮಾತ್ರ.

ಮೊದಲು ಮನಸ್ಸಿಗೆ ಬಂದ ಫ್ಲ್ಯಾಟು ಬೇರೆಯದಿತ್ತು. ಅದೇ ರಸ್ತೆ, 8 ಲಕ್ಷ ಕಡಿಮೆ. ಬಿ ಖಾತೆ, ಅಂದರೆ ಪೂರ್ತಿ ಸಕ್ರಮವಲ್ಲದ ಆಸ್ತಿ. ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪ್ರಮಾಣಪತ್ರ, ಅಂದರೆ ಓಸಿ, ಅದೂ ಇಲ್ಲ. "ಈ ಏರಿಯಾದಲ್ಲಿ ಯಾರಿಗಿದೆ ಹೇಳಿ ಓಸಿ" ಅಂದ ಬ್ರೋಕರ್. ಬ್ಯಾಂಕಿನ ವಕೀಲರು ಫೈಲು ತೆರೆದು ಹತ್ತು ನಿಮಿಷಕ್ಕೆ ಮುಚ್ಚಿದರು. ಆ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟು ಕೂಡ, ಓಸಿ ಅಥವಾ ಸಿಸಿ (ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ) ನೋಡದೆ ಕಟ್ಟಡದ ಮೇಲೆ ಸಾಲ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಸಾಲ ಇಲ್ಲದೆ ಪೂರ್ತಿ ದುಡ್ಡು ಕೊಟ್ಟು ಕೊಳ್ಳುವ ಶಕ್ತಿ ಇದ್ದಿದ್ದರೆ ನಾನು ಆ ಮನೆಯನ್ನೇ ಕೊಳ್ಳುತ್ತಿದ್ದೆ, ಸಿಕ್ಕಿಬೀಳುತ್ತಿದ್ದೆ. ಬಡವನಾಗಿದ್ದು ಒಳ್ಳೆಯದಾಯಿತು.

ಎರಡನೆಯದು 9 ವರ್ಷ ಹಳೆಯದು, 1,050 ಚದರಡಿ, ಸಕ್ರಮವಾದ ಎ ಖಾತೆ. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದ ಊರು ಇದು. ಹಾಗಾಗಿ ನಾನು ಮೊದಲು ನೋಡಿದ್ದು ಬೋರ್‌ವೆಲ್ಲು, ಆಮೇಲೆ ಬೆಡ್‌ರೂಮು. ಮಾತುಕತೆ 62 ಲಕ್ಷಕ್ಕೆ ನಿಂತಿತು.

ಇಲ್ಲಿ ಕೈಯಿಂದ ಹಾಕುವ ದುಡ್ಡಿನ ವಿಷಯ ಹೇಳಲೇಬೇಕು. ನಾನು ಎಡವಿದ್ದೇ ಇಲ್ಲಿ. 'ನೂರಕ್ಕೆ 90 ಸಾಲ' ಅಂತ ಎಲ್ಲ ಕಡೆ ಬೋರ್ಡು ಇರುತ್ತದೆ. ರಿಸರ್ವ್ ಬ್ಯಾಂಕಿನ ಪ್ರಕಾರ ಅದು 30 ಲಕ್ಷದವರೆಗಿನ ಸಾಲಕ್ಕೆ ಮಾತ್ರ. 30ರಿಂದ 75 ಲಕ್ಷದ ಸಾಲಕ್ಕೆ 80, ಅದರ ಮೇಲೆ 75. ಸರಿ, 62ಕ್ಕೆ 80 ಅಂದರೆ 49.6 ಲಕ್ಷ ಅಂತ ನಾನು ಡೈರಿಯಲ್ಲಿ ಬರೆದುಕೊಂಡು ಕೂತೆ. ಬ್ಯಾಂಕಿನಿಂದ ಮನೆ ನೋಡಲು ಬಂದ ಎಂಜಿನಿಯರ್ ಗೋಡೆ ತಟ್ಟಿದರು, ಬಾಲ್ಕನಿಯಲ್ಲಿ ನಿಂತು ಫೋಟೊ ತೆಗೆದರು, ಕಾಫಿ ಬೇಡ ಅಂದರು. ಅವರು ಬರೆದ ಬೆಲೆ 60 ಲಕ್ಷ. ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೇ 80. ಸಾಲ 48 ಲಕ್ಷಕ್ಕೆ ಇಳಿಯಿತು. ಗೋಡೆ ತಟ್ಟಿದ್ದಕ್ಕೆ 1.6 ಲಕ್ಷ ಹೋಯಿತು.

ಅದರ ಮೇಲೆ ನೋಂದಣಿ ಖರ್ಚು. ಮುದ್ರಾಂಕ ಶುಲ್ಕ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು, ನೋಂದಣಿ 1, ಎಲ್ಲಾ ಸೇರಿ ನೂರಕ್ಕೆ 6.6. ನಮಗೆ 4.09 ಲಕ್ಷ. ಇದು ಮನೆಯ ಬೆಲೆಯ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಇದಕ್ಕೆ ಸಾಲವೂ ಇಲ್ಲ. (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2 ಆಗಿದೆ. ಈಗ ಕೊಳ್ಳುವವರು ಇನ್ನೂ ಒಂದು ಸೇರಿಸಿಕೊಳ್ಳಿ.) ಬ್ರೋಕರ್, ವಕೀಲರು, ಬ್ಯಾಂಕಿನ ಪ್ರೊಸೆಸಿಂಗ್ ಫೀ, ಬಣ್ಣ, ಬಾತ್‌ರೂಮಿನ ಹೊಸ ನಲ್ಲಿ ಸೇರಿ ಕೈಯಿಂದ ಹೋಗಿದ್ದು ಹತ್ತಿರ ಹತ್ತಿರ 19.5 ಲಕ್ಷ. 62 ಲಕ್ಷದ ಮನೆಗೆ 12 ಲಕ್ಷ ಸಾಕು ಅಂದುಕೊಂಡಿದ್ದವನು ನಾನು. ಮಿಕ್ಕಿದ್ದು ಪಿಎಫ್‌ನಿಂದ ಬಂತು, ಒಂದಿಷ್ಟು ಅಣ್ಣನಿಂದ. ಅಣ್ಣನ ಕಂತು ಇನ್ನೂ ನಡೆಯುತ್ತಿದೆ, ಬಡ್ಡಿ ಇಲ್ಲ, ಬುದ್ಧಿವಾದ ಉಂಟು.

ಕಾಗದ ಪತ್ರದ ಕಥೆ ಬೆಂಗಳೂರಿನಲ್ಲಿ ಮನೆ ಕೊಂಡ ಎಲ್ಲರದೂ ಒಂದೇ, ಬೇಗ ಮುಗಿಸುತ್ತೇನೆ. ತಾಯಿಪತ್ರದಿಂದ ಹಿಡಿದು ಕ್ರಯಪತ್ರಗಳ ಸರಪಳಿ, 30 ವರ್ಷದ ಇಸಿ (ಆಸ್ತಿಯ ಮೇಲಿನ ಋಣಭಾರದ ಪತ್ರ), ತೆರಿಗೆ ರಸೀದಿ. ಇ-ಖಾತೆ (ಆನ್‌ಲೈನಿನಲ್ಲಿ ಕೊಡುವ ಖಾತೆ) ಇಲ್ಲದೆ ನೋಂದಣಿ ಇಲ್ಲ ಎಂದು ಆಗಷ್ಟೇ ಆಗಿತ್ತು. ಮಾರುವವರ ಇ-ಖಾತೆಯಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಐದು ವಾರ ಹೋಯಿತು. ಒಂದು ಮಾತ್ರ ಮರೆಯಬೇಡಿ. ಬೆಲೆ 50 ಲಕ್ಷ ಅಥವಾ ಅದರ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ನೂರಕ್ಕೆ ಒಂದು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಜವಾಬ್ದಾರಿ. ನಮ್ಮದು 62,000. ನನಗಿದು ಗೊತ್ತಾಗಿದ್ದು ನೋಂದಣಿಗೆ ನಾಲ್ಕು ದಿನ ಇರುವಾಗ.

ನೋಂದಣಿ ಆಗಿದ್ದು 2025ರ ಜನವರಿ ಕೊನೆಯ ವಾರ. ಬೆಳಗ್ಗೆ ಹತ್ತಕ್ಕೆ ಹೋದವರಿಗೆ ಸರ್ವರ್ ಬಂದಿದ್ದು ಮೂರೂವರೆಗೆ. ಹೆಬ್ಬೆರಳು ಒತ್ತಿದೆ, ಕ್ಯಾಮೆರಾ ನೋಡಿದೆ. ಮುದ್ರೆ ಬಿದ್ದ ಕ್ರಯಪತ್ರ ಹೊರಗೆ ಬಂತು. ಹಸಿರು ದಾರದಲ್ಲಿ ಹೊಲಿದಿದ್ದರು, ಇನ್ನೂ ಬಿಸಿ ಇತ್ತು. ಮೊದಲ ಪುಟದಲ್ಲಿ ನನ್ನ ಹೆಸರು, ಅಪ್ಪನ ಹೆಸರು. ಫೋಟೊ ತೆಗೆಯಲು ಮೊಬೈಲ್ ಹುಡುಕುವಷ್ಟರಲ್ಲಿ ಬ್ಯಾಂಕಿನಿಂದ ಬಂದಿದ್ದ ಹುಡುಗ "ಕೊಡಿ ಸರ್" ಅಂತ ಇಸಿದುಕೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿ ಜಿಪ್ ಎಳೆದ. ಮಾರುವವರ ಕೈಗೆ ಡಿಡಿ ಹೋಯಿತು. ನನ್ನ ಕೈಯಲ್ಲಿ ಉಳಿದಿದ್ದು ನೀಲಿ ಮಸಿ ಹತ್ತಿದ ಹೆಬ್ಬೆರಳು. ಜೆರಾಕ್ಸು ಆಮೇಲೆ ಬಂತು.

ಗೃಹಪ್ರವೇಶ ಮಾಡಬೇಕೋ ಬೇಡವೋ ಅಂತ ಮನೆಯಲ್ಲಿ ಒಂದು ವಾರ ಚರ್ಚೆ. ನಾವು ಇರುವುದಿಲ್ಲವಲ್ಲ, ಯಾವ ಪ್ರವೇಶ? ಅಮ್ಮ ಒಪ್ಪಲಿಲ್ಲ. ಕೊನೆಗೆ ಒಂದೇ ಬರ್ನರಿನ ಸ್ಟವ್ ಹೊತ್ತುಕೊಂಡು ಹೋಗಿ, ಖಾಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದೆವು. ಕೂರಲು ಕುರ್ಚಿ ಇರಲಿಲ್ಲ. ನೆಲದ ಮೇಲೆ ನ್ಯೂಸ್‌ಪೇಪರ್ ಹಾಸಿಕೊಂಡು ಕಾಫಿ ಕುಡಿದೆವು. ಅಮ್ಮ ಕಿಟಕಿಯಿಂದ ಬರುವ ಗಾಳಿಗೆ ಮುಖ ಕೊಟ್ಟು ಎಷ್ಟೋ ಹೊತ್ತು ನಿಂತಿದ್ದಳು. ಸಂಜೆ ಬೀಗ ಹಾಕಿ ಬೀಗದಕೈಯನ್ನು ಬ್ರೋಕರಿಗೆ ಕೊಟ್ಟು ಬಂದೆವು.

ಮೊದಲ ಕಂತು ಹೋದಾಗ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. 48 ಲಕ್ಷಕ್ಕೆ ಎಂಟೂವರೆ ಬಡ್ಡಿ, 20 ವರ್ಷ. ಕಂತು 41,655. ಅದರಲ್ಲಿ ಬಡ್ಡಿ 34,000. ಅಸಲಿಗೆ ಹೋಗಿದ್ದು 7,655. ನಮ್ಮ ಮೂರು ಜನರ ತಿಂಗಳ ದಿನಸಿ ಇದಕ್ಕಿಂತ ಜಾಸ್ತಿ. ಆ ತಿಂಗಳು ಬಾಡಿಗೆ ಸೊನ್ನೆ. ಮಾರನೇ ತಿಂಗಳೂ ಸೊನ್ನೆ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ 3,150 ನನ್ನದೇ. ಬಾಡಿಗೆಗೆ ಕೊಡುವ ಮನೆಗೆ ಆಸ್ತಿ ತೆರಿಗೆಯ ದರವೂ ಸ್ವಂತ ವಾಸದ ಮನೆಯ ಎರಡರಷ್ಟು ಅಂತ ಆಗಲೇ ಗೊತ್ತಾಗಿದ್ದು.

ಎರಡನೇ ಖಾಲಿ ತಿಂಗಳಲ್ಲಿ ಬ್ರೋಕರ್ ಫೋನ್ ಮಾಡಿದ. "ಬಾಡಿಗೆ ಯಾಕೆ ಸರ್, ಭೋಗ್ಯಕ್ಕೆ ಕೊಟ್ಬಿಡಿ. ಪಾರ್ಟಿ ರೆಡಿ ಇದೆ, 15 ಲಕ್ಷ. ಹಾಗೇ ತಗೊಂಡು ಲೋನಿಗೆ ಕಟ್ಬಿಡಿ, ತಲೆನೋವೇ ಇಲ್ಲ."

ಬೆಂಗಳೂರು ಗೊತ್ತಿರುವವರಿಗೆ ಭೋಗ್ಯ ಗೊತ್ತು, ಲೀಸು ಅಂತಲೂ ಅನ್ನುತ್ತಾರೆ. ಒಂದು ದೊಡ್ಡ ಮೊತ್ತ ಓನರ್ ಕೈಗೆ, ಬಾಡಿಗೆ ಇಲ್ಲ, ಮೂರು ವರ್ಷದ ಮೇಲೆ ಪೂರ್ತಿ ವಾಪಸ್. ಆ ರಾತ್ರಿ ನಿದ್ದೆ ಬರಲಿಲ್ಲ. 48ರಲ್ಲಿ 15 ಒಂದೇ ಏಟಿಗೆ ಹೋಗುವುದು ಅಂದರೆ ಸುಮ್ನೆ ಅಲ್ಲ. ಎದ್ದು ಲೆಕ್ಕ ಹಾಕಿದೆ. 15 ಲಕ್ಷ ತುಂಬಿದರೆ ತಿಂಗಳಿಗೆ ಉಳಿಯುವ ಬಡ್ಡಿ 10,625. ಬಾಡಿಗೆ ಬಂದರೆ ಬರುವುದು 19,000. ಲೆಕ್ಕದಲ್ಲೇ ಸೋಲು. ಮೂರು ವರ್ಷದ ಮೇಲೆ 15 ಲಕ್ಷ ಎಲ್ಲಿಂದ ತರುವುದು? ಇನ್ನೊಬ್ಬ ಭೋಗ್ಯದವರನ್ನು ಹುಡುಕಬೇಕು. ಅವರದ್ದನ್ನು ತೀರಿಸಲು ಮತ್ತೊಬ್ಬರು. ಅಡಮಾನದ ಕರಾರಿನಲ್ಲೂ ಇತ್ತು: ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಡುವಂತಿಲ್ಲ. ಎಲ್ಲ ಪುಟಕ್ಕೂ ಸಹಿ ಹಾಕಿದ್ದೆ, ಓದಿದ್ದು ಆ ರಾತ್ರಿ.

ನಿಜ ಹೇಳಬೇಕೆಂದರೆ ನನ್ನನ್ನು ತಡೆದಿದ್ದು ಲೆಕ್ಕವೂ ಅಲ್ಲ, ಕರಾರೂ ಅಲ್ಲ. ಕೆ.ಆರ್. ಪುರದಲ್ಲಿ ನಾವಿದ್ದ ಮೂರನೇ ಮನೆಯ ಕೆಳಗೆ ಒಂದು ಕುಟುಂಬ 9 ಲಕ್ಷ ಭೋಗ್ಯಕ್ಕಿತ್ತು. ಒಂದು ದಿನ ಅವರ ಗೋಡೆಗೆ ಬ್ಯಾಂಕಿನವರು ನೋಟಿಸ್ ಅಂಟಿಸಿ ಹೋದರು. ಓನರ್ ಸಾಲ ಕಟ್ಟಿರಲಿಲ್ಲ. ಇವರ ಭೋಗ್ಯದ ಕಾಗದ ನೋಂದಣಿಯೇ ಆಗಿರಲಿಲ್ಲ, ಬ್ಯಾಂಕಿಗೆ ಇವರು ಇರುವುದೇ ಗೊತ್ತಿರಲಿಲ್ಲ. ಆ ಮನೆಯಾಕೆ ಅಂಟಿಸಿದ ಕಾಗದದ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು, ಮಕ್ಕಳಿಗೆ ಕಾಣಬಾರದೆಂದು. ಸಾಲವಿರುವ ಮನೆಯಲ್ಲಿ ಬಾಡಿಗೆಗೆ ಇರುವವರ ತಲೆ ಮೇಲೆ ಅವರು ಕಾಣದ ಒಂದು ಕತ್ತಿ ಇರುತ್ತದೆ. ಅದರ ದಾರ ಈಗ ನನ್ನ ಕೈಯಲ್ಲಿದೆ. ಬ್ರೋಕರಿಗೆ ಬೇಡ ಅಂದೆ.

ಏಪ್ರಿಲ್‌ನಲ್ಲಿ ಬಾಡಿಗೆಗೆ ಜನ ಬಂದರು. ಗಂಡ, ಹೆಂಡತಿ, ಎರಡನೇ ಕ್ಲಾಸಿನ ಮಗಳು. 19,000 ಬಾಡಿಗೆ, 1 ಲಕ್ಷ ಅಡ್ವಾನ್ಸ್. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ನಾನು ಬಾಡಿಗೆದಾರನಾಗಿ ಅದನ್ನು ಎಷ್ಟು ಜನರ ಮುಂದೆ ಹೇಳಿ ವಾದ ಮಾಡಿಲ್ಲ! ಈಗ ಐದು ತಿಂಗಳದ್ದು ಕೇಳಿದೆ, ಹತ್ತು ತಿಂಗಳದ್ದು ಕೇಳುವವರೂ ಇದ್ದಾರಲ್ಲ ಅಂತ ಸಮಾಧಾನ ಮಾಡಿಕೊಂಡು. 11 ತಿಂಗಳ ಕರಾರು ಬರೆಯುವಾಗ 'ಖಾಲಿ ಮಾಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು' ಅನ್ನುವ ಸಾಲು ಬಂತು. ನಾಲ್ಕು ಮನೆಗಳಲ್ಲಿ ಈ ಸಾಲಿಗೆ ಶಾಪ ಹಾಕಿದವನು ನಾನು. ತೆಗೆಸಲಿಲ್ಲ. 41,655ರಲ್ಲಿ 19,000 ಕಳೆದರೆ ಉಳಿಯುವುದು ಚೀಟಿಯ ಮೇಲಿನ ಸಂಖ್ಯೆ. ಅದನ್ನು ಕಣ್ಣ ಮುಂದೆ ಇಟ್ಟುಕೊಂಡವನ ಕೈ ಹಾಗೆಲ್ಲ ಉದಾರವಾಗುವುದಿಲ್ಲ.

ತೆರಿಗೆಯಲ್ಲಿ ಉಳಿಯುತ್ತಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದಿದ್ದರಲ್ಲಿ ರಿಪೇರಿ ಇತ್ಯಾದಿಗೆಂದು ನೂರಕ್ಕೆ 30 ಕಳೆದು, ಆಮೇಲೆ ಪೂರ್ತಿ ಬಡ್ಡಿ ಕಳೆಯಬಹುದು. ನನ್ನ ಲೆಕ್ಕದಲ್ಲಿ ವರ್ಷಕ್ಕೆ 2 ಲಕ್ಷ ಚಿಲ್ಲರೆ ನಷ್ಟ ಬರುತ್ತದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಈ ನಷ್ಟದಲ್ಲಿ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು, ಮಿಕ್ಕಿದ್ದು ಮುಂದಿನ ಎಂಟು ವರ್ಷಕ್ಕೆ ಹೋಗುತ್ತದೆ. ಹೂಡಿಯ ಬಾಡಿಗೆಗೆ ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಯ ವಿನಾಯಿತಿ, ಅಂದರೆ ಎಚ್‌ಆರ್‌ಎ ಕೂಡ ಜೊತೆಗೇ ತಗೋಬಹುದು. ಹೊಸ ಪದ್ಧತಿಯಲ್ಲಿ ಎಚ್‌ಆರ್‌ಎ ಇಲ್ಲ, ಈ ನಷ್ಟವನ್ನು ಸಂಬಳಕ್ಕೆ ಹೊಂದಿಸುವ ಹಾಗೂ ಇಲ್ಲ. ಬಾಡಿಗೆಗೆ ತೆರಿಗೆ ಬೀಳುವುದಿಲ್ಲ, ಅಷ್ಟೇ ಲಾಭ. ಆಫೀಸಿನಲ್ಲಿ ಎಲ್ಲರೂ ಹೊಸದಕ್ಕೆ ಹೋದರು, ನಾನೊಬ್ಬ ಹಳೆಯದರಲ್ಲಿ ಉಳಿದೆ. ಮನೆ ಕೊಳ್ಳುವ ಮೊದಲೇ ಆಡಿಟರ್ ಹತ್ತಿರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಸಿ. ನಾನು ಕೊಂಡ ಮೇಲೆ ನೋಡಿಸಿದೆ.

ಒಂದು ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ನೋಂದಣಿ ಆಗಿ ಎರಡು ವಾರಕ್ಕೆ, 2025ರ ಫೆಬ್ರವರಿಯಲ್ಲಿ, ರಿಸರ್ವ್ ಬ್ಯಾಂಕು ಸುಮಾರು ಐದು ವರ್ಷದಲ್ಲಿ ಮೊದಲ ಸಲ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಇಳಿಸಿತು. ಏಪ್ರಿಲ್, ಜೂನ್, ಡಿಸೆಂಬರ್‌ನಲ್ಲೂ ಇಳಿಯಿತು. 6.50 ಇದ್ದದ್ದು 5.25ಕ್ಕೆ ಬಂತು. ನನ್ನದು ರೆಪೊಗೆ ಜೋಡಿಸಿದ ಸಾಲ, ಎಂಟೂವರೆ ಏಳೂಕಾಲಾಯಿತು. ಆದರೆ ಕಂತು ಒಂದು ರೂಪಾಯಿ ಇಳಿಯಲಿಲ್ಲ. ಬ್ಯಾಂಕು ಕಂತು ಹಾಗೇ ಇಟ್ಟು ಅವಧಿಯನ್ನು ಸುಮಾರು ಮೂರು ವರ್ಷ ಕಡಿಮೆ ಮಾಡಿತ್ತು. ಕೇಳಿದ್ದರೆ ಸುಮಾರು 38,000ಕ್ಕೆ ಇಳಿಸಿಕೊಡುತ್ತಿದ್ದರು. ಕೇಳಲಿಲ್ಲ. ದರ ಏರುವ ಕಾಲ ಬಂದರೆ ಈ ಮೂರು ವರ್ಷ ವಾಪಸ್ ಸೇರಿಕೊಳ್ಳುತ್ತದೆ ಅನ್ನುವುದು ಗೊತ್ತು. 2022ರ ಮೇನಲ್ಲಿ ಶುರುವಾಗಿ ಒಂಬತ್ತೇ ತಿಂಗಳಲ್ಲಿ ರೆಪೊ 4ರಿಂದ 6.50ಕ್ಕೆ ಹೋಗಿದ್ದನ್ನು ಸಾಲವಿದ್ದ ಗೆಳೆಯರ ಮುಖದಲ್ಲಿ ನೋಡಿದ್ದೇನೆ. ಕೈಯಲ್ಲಿ ದುಡ್ಡಿದ್ದಾಗ ಅಸಲಿಗೆ ತುಂಬುತ್ತಾ ಹೋಗುವುದೇ ಸರಿ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ ಎಂದು 2012ರಿಂದಲೇ ನಿಯಮವಿದೆ.

ಈ ಫೆಬ್ರವರಿಗೆ ವಾಜರಹಳ್ಳಿಯ ಕರಾರು 11 ತಿಂಗಳು ಮುಗಿಯಿತು. ಕರಾರಿನಲ್ಲಿ ನೂರಕ್ಕೆ 5 ಏರಿಕೆ ಅಂತ ಇದೆ. 950 ರೂಪಾಯಿ. ಅವರು ಒಂದು ತಿಂಗಳೂ ತಡ ಮಾಡಿದವರಲ್ಲ. ಗೀಸರ್ ಕೆಟ್ಟಾಗ ತಾವೇ ರಿಪೇರಿ ಮಾಡಿಸಿ ಬಿಲ್ಲು ಕಳಿಸಿದ್ದರು, ಅದೂ 'ಅವಸರ ಇಲ್ಲ ಸರ್' ಅಂತ ಬರೆದು. ಏರಿಸುವುದಾ ಬೇಡವಾ ಅಂತ ಎರಡು ವಾರ ಮುಂದೂಡಿದೆ.

ಅಷ್ಟರಲ್ಲಿ ಹೂಡಿಯ ನಮ್ಮ ಓನರ್ ಮೆಸೇಜ್ ಬಂತು. "ನಮಸ್ಕಾರ. ಮುಂದಿನ ತಿಂಗಳಿಂದ ಬಾಡಿಗೆ 27,300. ಮೇಂಟೆನೆನ್ಸ್, ತೆರಿಗೆ ಎಲ್ಲಾ ಜಾಸ್ತಿಯಾಗಿದೆ. ದಯವಿಟ್ಟು ಸಹಕರಿಸಿ." ಪ್ರತಿ ವರ್ಷ ಇದೇ ಮೆಸೇಜು, ಅಂಕಿ ಮಾತ್ರ ಬೇರೆ. ಪ್ರತಿ ವರ್ಷ ಇದನ್ನು ಓದಿ ನಾವಿಬ್ಬರೂ ಅರ್ಧ ಗಂಟೆ ಅವರನ್ನು ಬೈಯುತ್ತೇವೆ. ಈ ಸಲ ಹೆಂಡತಿ ಶುರು ಮಾಡಿದಳು, ನನಗೆ ಬಾಯಿ ಬರಲಿಲ್ಲ. ಅವರ ಕಪಾಟಿನ ಒಳಗೆ ಯಾವ ಸಂಖ್ಯೆ ಅಂಟಿಸಿದ್ದಾರೋ ಅನ್ನಿಸಿತು.

ರಾತ್ರಿ ಊಟ ಆದ ಮೇಲೆ ಆ ಮೆಸೇಜನ್ನು ಕಾಪಿ ಮಾಡಿ ವಾಜರಹಳ್ಳಿಯವರ ಚಾಟಿನಲ್ಲಿ ಪೇಸ್ಟ್ ಮಾಡಿದೆ. 27,300 ಅಳಿಸಿ 19,950 ಮಾಡಿದೆ. ತೆರಿಗೆಯ ಮಾತು ತೆಗೆದೆ, ಮತ್ತೆ ಹಾಕಿದೆ. 'ದಯವಿಟ್ಟು ಸಹಕರಿಸಿ' ಅನ್ನುವುದನ್ನು ಏನು ಮಾಡುವುದೆಂದು ತಿಳಿಯಲಿಲ್ಲ, ಹಾಗೇ ಬಿಟ್ಟು ಕಳಿಸಿದೆ. ಎರಡು ಟಿಕ್ ಬಂದವು. ನೀಲಿಯಾದವು. 'ಟೈಪಿಂಗ್' ಅಂತ ಬಂತು, ನಿಂತಿತು, ಮತ್ತೆ ಬಂತು. ಆ ಕಡೆ ಈಗ ಯಾರು ಯಾರನ್ನು ಬೈಯುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಓಕೆ ಸರ್" ಅಂತ ಬಂತು. ಎದ್ದು ಹೋಗಿ ಕಪಾಟು ತೆಗೆದು, ಚೀಟಿಯ ಮೇಲಿನ ಸಂಖ್ಯೆ ಹೊಡೆದು ಹಾಕಿ ಕೆಳಗೆ 21,705 ಬರೆದೆ.